ಮಾಳಿಗೆಯ ಮೇಲೆ ಹತ್ತೂಕಾಲು

ಗಂಡನ ಮೇಲೆ ಕೈಯೆತ್ತಿದವಳು ಅಂತ ನನ್ನನ್ನು ಯಾರೂ ಅನ್ನಬಾರದು. ಆ ಕೈ ಹೊಡೆಯಲು ಎತ್ತಿದ್ದಲ್ಲ, ಬೈಯಲು ಎತ್ತಿದ್ದು. ನಮ್ಮ ಊರಿನಲ್ಲಿ ಹೆಂಗಸರು ಬೈಯುವಾಗ ಕೈ ಸುಮ್ಮನಿರುವುದಿಲ್ಲ. ಆದರೆ ಮೇಲಿನಿಂದ ನೋಡಿದರೆ ಬಾಯಿ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಪಟ ತೆಗೆದವರು ಮೇಲಿನಿಂದಲೇ ತೆಗೆದರು. ಹಾಗಾಗಿ ಮೂರು ವರ್ಷ ದಿನಾ ಬೆಳಿಗ್ಗೆ ಹತ್ತೂಕಾಲಿಗೆ ಮಾಳಿಗೆ ಹತ್ತಿ, ಮಂಚದ ಪಕ್ಕ ನಿಂತು, ಬಲಗೈ ಎತ್ತಿಕೊಂಡು ಕಾಲು ತಾಸು ಹಾಗೇ ಇರುತ್ತಿದ್ದೆ. ಸಾಕಾಗಿಹೋಗಿತ್ತು, ದೇವರಾಣೆಗೂ ಸಾಕಾಗಿಹೋಗಿತ್ತು.

ಗುಡ್ಡದ ಮೇಲೆ ನಮ್ಮ ಮಿಲಿಟರಿಯವರ ಠಾಣೆ ಇದೆ. ಅಲ್ಲಿಗೆ ಹೋಗುವ ರಸ್ತೆ ಮುರಿದುಬಿದ್ದು ಬಹಳ ದಿನವಾಯಿತು. ಅಕ್ಕಿ, ಔಷಧ, ರಕ್ತದ ಚೀಲ, ಎಲ್ಲ ಗುಂಗಿಯ ಹೊಟ್ಟೆಯಲ್ಲೇ ಹೋಗಬೇಕು. ಡ್ರೋನು ಅನ್ನುವುದು ಮಿಲಿಟರಿಯವರ ಮಾತು. ಅದರ ಸದ್ದು ಕೇಳಿದ ಮೊದಲನೇ ದಿನವೇ ನಮ್ಮೂರ ಮಂದಿ ಅದಕ್ಕೆ ಗುಂಗಿ ಎಂದು ಹೆಸರಿಟ್ಟರು. ಗುಡ್ಡದ ಆಚೆಯವರು ಯಾವುದೋ ಯಂತ್ರ ಹಚ್ಚಿ ಆಕಾಶದ ತುಂಬ ಗದ್ದಲ ಎಬ್ಬಿಸುತ್ತಾರೆ. ಆ ಗದ್ದಲ ನಮ್ಮ ಕಿವಿಗೆ ಬೀಳುವುದಿಲ್ಲ, ಗುಂಗಿಯ ಕಿವಿಗೆ ಬೀಳುತ್ತದೆ. ಮೊದಮೊದಲು ದಿನಕ್ಕೆ ಎರಡು ಮೂರು ಗುಂಗಿ ದಿಕ್ಕು ತಪ್ಪಿ ಹೊಲದಲ್ಲೋ ಕೆರೆಯಲ್ಲೋ ಬೀಳುತ್ತಿದ್ದವು.

ಹವಾಲ್ದಾರ ಮೇದಪ್ಪ ನಮ್ಮ ಓಣಿಯ ಜವಾಬ್ದಾರಿ ಹೊತ್ತವನು. ದೂರದ ಕಾಫಿ ಸೀಮೆಯವನು, ಮಾತು ಮೆತ್ತಗೆ. ಮೊದಲನೇ ಸಲ ನಮ್ಮ ಮಾಳಿಗೆಗೆ ಬಂದಾಗ ಹೀಗೆ ತಿಳಿಸಿ ಹೇಳಿದ್ದ:

“ಜಾಮ್ ಮಾಡ್ತಾರಮ್ಮ. ಎಡಕ್ಕೆ ಹೋಗು, ಬಲಕ್ಕೆ ಹೋಗು ಅಂತ ನಾವು ಹೇಳೋದು ಅದಕ್ಕೆ ತಲುಪೋದೇ ಇಲ್ಲ. ಅದಕ್ಕೆ ಅದರ ಕಿವಿ ಕಿತ್ತು ಹಾಕಿದ್ದೀವಿ. ಈಗ ಕಣ್ಣು ಮಾತ್ರ. ಕೆಳಗೆ ಊರು ನೋಡುತ್ತೆ, ಹೊಟ್ಟೆಯೊಳಗೆ ಇಟ್ಟಿರೋ ಫೋಟೊ ನೋಡುತ್ತೆ. ಎರಡೂ ಒಂದೇ ಥರ ಇದ್ರೆ, ಸರಿ, ಇಲ್ಲಿಂದ ಗುಡ್ಡದ ಕಡೆ ತಿರುಗಬೇಕು ಅಂತ ಗೊತ್ತಾಗುತ್ತೆ.”

“ಒಂದ ಥರಾ ಇರಲಿಲ್ಲಾಂದ್ರ?”

“ಇಲ್ಲಾಂದ್ರೆ ಇದು ಯಾವ ಊರು ಅಂತ ಅದಕ್ಕೆ ತಿಳಿಯೋದಿಲ್ಲಮ್ಮ. ಸುತ್ತಿ ಸುತ್ತಿ ಬಿದ್ದುಹೋಗುತ್ತೆ.”

ಅಂದಿನಿಂದ ನಮ್ಮ ಊರು ದಿನಕ್ಕೆ ಕಾಲು ತಾಸು ಆ ಪಟದಂತೆ ಇರಬೇಕಾಯಿತು. ಊರ ಕಟ್ಟೆಯ ಗಂಟೆ ಹೊಡೆದ ಕೂಡಲೇ ಅವರವರ ಜಾಗಕ್ಕೆ ಅವರವರು. ಪಕ್ಕದ ಮಾಳಿಗೆಯ ಮಾಬುಬಿ ಆ ಹೊತ್ತಿನಲ್ಲಿ ಬಗ್ಗಿ ಶ್ಯಾವಿಗೆ ಹರವುತ್ತಿದ್ದಳು, ಪಾಪ, ಬಗ್ಗಿದವಳು ಬಗ್ಗಿಯೇ ಉಳಿದಳು. ಕಲ್ಲೇಶಿ ಎಂಬವನು ಚಹಾ ಕುಡಿಯಲೆಂದು ಕೂಡುರಸ್ತೆಯಲ್ಲಿ ಐದು ನಿಮಿಷ ಲಾರಿ ನಿಲ್ಲಿಸಿದ್ದ. ಆ ಲಾರಿ ಮತ್ತೆ ಅಲ್ಲಿಂದ ಕದಲಲಿಲ್ಲ. ಪರವೂರಿನವನು ನಮ್ಮೂರಿನವನಾಗಿ, ಲಾರಿಯ ಹಿಂಭಾಗದಲ್ಲೇ ಚಹಾದಂಗಡಿ ಇಟ್ಟುಕೊಂಡ. ಗಡಾದರ ಮನೆಯ ಎಮ್ಮೆ ಸತ್ತಾಗ ಅಂಥದ್ದೇ ಇನ್ನೊಂದು ಎಮ್ಮೆ ಹುಡುಕಲು ಮೂರು ಸಂತೆ ತಿರುಗಿದರು. ಮದುವೆಗೆ ಹಾಕಿದ ಹಂದರವನ್ನು ಹತ್ತಕ್ಕೆ ಬಿಚ್ಚಿ ಹತ್ತೂವರೆಗೆ ಮತ್ತೆ ಕಟ್ಟುತ್ತಿದ್ದರು. ಬದಲಿಗೆ ಬೇರೆಯವರನ್ನು ನಿಲ್ಲಿಸಬಹುದು ಎಂದು ನಿಯಮವೇನೋ ಇತ್ತು. ಆದರೆ ಇರುವವರೆಲ್ಲ ತಮ್ಮ ತಮ್ಮ ಜಾಗದಲ್ಲೇ ನಿಲ್ಲಬೇಕಾದಾಗ ಬದಲಿ ಮಂದಿ ಎಲ್ಲಿಂದ ಬರಬೇಕು? ಮಾಳಿಗೆಗೆ ಸುಣ್ಣ ಬಳಿಯುವಂತಿಲ್ಲ, ಹೊಸ ಮಣ್ಣು ಹಾಕುವಂತಿಲ್ಲ. ಬಣ್ಣ ಬದಲಾದರೆ ಗುಂಗಿಗೆ ಗುರುತು ಸಿಗುವುದಿಲ್ಲ. ಮಳೆ ಬಂದ ದಿನ ಮಾತ್ರ ಗುಂಗಿ ಹಾರುವುದಿಲ್ಲ, ಅವತ್ತು ಎಲ್ಲರಿಗೂ ಸೂಟಿ.

ಈಗ ಆ ಜಗಳದ ವಿಷಯ ಹೇಳಿಬಿಡುತ್ತೇನೆ. ಪಟ ತೆಗೆದ ಹಿಂದಿನ ಸಂಜೆ ನಾಲ್ಕು ಹನಿ ಬಿದ್ದಿತ್ತು. ಮಾಳಿಗೆಯ ಮೇಲೆ ಜೋಳದ ಸಂಡಿಗೆ ಹಾಕಿದ್ದೆ, ನಮ್ಮವರು ಅಲ್ಲೇ ಮಂಚದ ಮೇಲೆ ಮಲಗಿದ್ದರು. ನಾನು ಹಚ್ಚಡ ಸಮೇತ ಸಂಡಿಗೆ ಬಾಚಿಕೊಂಡು ಓಡಿಬಂದೆ. ಅವರು ಆಮೇಲೆ ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ತೊಯ್ದು ಬಂದರು. ರಾತ್ರಿಯೆಲ್ಲ ನಡುಮನೆ ಸೋರಿತು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಮಂಚದ ಮೇಲೆ ಮಲಗಿದ್ದಾರೆ, ಮುಖದ ಮೇಲೆ ಟವೆಲ್ಲು. ನನಗೆ ಪಿತ್ತ ನೆತ್ತಿಗೇರಿತು.

“ಮಾಳಗಿಗೆ ನಾಕ ಬುಟ್ಟಿ ಮಣ್ಣ ಹಾಕ್ರಿ ಅಂತ ಒಂದ ವರ್ಷದಿಂದ ಬಡಕೊಳ್ಳಾಕತ್ತೀನಿ. ಕೇಳಿದ್ರ ಬೆನ್ನು ಅಂತೀರಿ. ಬೆನ್ನಿಗೇನ್ ಧಾಡಿ ಆಗೇತಿ ನಿಮಗ?”

ಟವೆಲ್ಲಿನ ಒಳಗಿನಿಂದಲೇ ಅವರು ಹೇಳಿದರು, “ಸಂಡಿಗಿ ಮ್ಯಾಲ ಇದ್ದಷ್ಟು ಕಾಳಜಿ ನನ್ನ ಮ್ಯಾಲಿಲ್ಲ ನೋಡು ನಿನಗ. ನಿನ್ನಿ ಮಳಿಯಾಗ ನನ್ನ ಬಿಟ್ಟು ಸಂಡಿಗಿ ತಗೊಂಡು ಓಡಿದಿ.”

“ಸಂಡಿಗಿ ಕರದ್ರ ತಿನ್ನಾಕರೆ ಬರ್ತಾವು,” ಅಂದೆ ಕೈಯೆತ್ತಿ. “ನಿಮ್ಮನ್ನ ತಗೊಂಡು ಏನ್ ಮಾಡ್ಲಿ?”

ಆ ಹೊತ್ತಿಗೆ ಸರಿಯಾಗಿ ಮೇಲೆ ಪಟ ತೆಗೆಯುವ ವಿಮಾನ ಹೋಯಿತು.

ಮೊದಲ ಕೆಲವು ತಿಂಗಳು ಅದೊಂದು ತಮಾಷೆಯೇ ಆಗಿತ್ತು. ಗಂಟೆ ಹೊಡೆಯುತ್ತಿದ್ದಂತೆ ಅವರು ಮಲಗುವರು, ನಾನು ಕೈಯೆತ್ತುವೆ. “ಕಾಶಿ, ಇವತ್ತೇನ್ ಬೈತಿ?” ಎಂದು ಟವೆಲ್ಲಿನೊಳಗಿನಿಂದ ಕೇಳುವರು. ಹಿಂದಿನ ದಿನದ ಸಾರು ಉಪ್ಪಾದದ್ದಕ್ಕೂ ಅವರನ್ನೇ ಬೈಯುತ್ತಿದ್ದೆ. ಪಕ್ಕದ ಮಾಳಿಗೆಯಲ್ಲಿ ಬಗ್ಗಿದ ಮಾಬುಬಿ ಬಗ್ಗಿದಲ್ಲೇ ನಗುತ್ತಿದ್ದಳು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ನಾವಿಬ್ಬರೂ ದಿನಾ ತಪ್ಪದೆ ಕಾಲು ತಾಸು ಮಾತಾಡಿದ್ದು ಅಂದರೆ ಆ ದಿನಗಳಲ್ಲಿ ಮಾತ್ರ. ಆಮೇಲೆ ಬೆನ್ನಿನ ನೋವು ಜಾಸ್ತಿಯಾಗಿ ಆಸ್ಪತ್ರೆಗೆ ಹೋದೆವು. ಬೆನ್ನೆಲುಬಿನಲ್ಲಿ ಗಡ್ಡೆ, ಬಹಳ ದಿನದಿಂದ ಇದೆ ಅಂದರು. ಬಹಳ ದಿನ ಅಂದರೆ ಎಷ್ಟು ಅಂತ ನಾನು ಕೇಳಿದೆ. ಡಾಕ್ಟರು ಲೆಕ್ಕ ಹಾಕಿ ಹೇಳಿದ್ದು ಜಗಳದ ದಿನಕ್ಕಿಂತ ಎಷ್ಟೋ ಹಿಂದಕ್ಕೆ ಹೋಯಿತು.

ಅವತ್ತಿನಿಂದ ನನ್ನ ಬಾಯಿ ಬಿದ್ದುಹೋಯಿತು. ಕೈ ಮಾತ್ರ ಏಳುತ್ತಿತ್ತು. ಅವರೇ ಮಲಗಿದಲ್ಲಿಂದ, “ಬೈಯಲೇ, ಸುಮ್ಮನ ನಿಂತ್ರ ಗುಂಗಿಗೆ ಗೊತ್ತಾಗತೈತಿ” ಅನ್ನುತ್ತಿದ್ದರು. ನಾನು ಅಳು ನುಂಗಿಕೊಂಡು ಏನಾದರೂ ಒಂದು ಬೈಯುತ್ತಿದ್ದೆ.

ಪಟ ತೆಗೆದ ಎಂಟನೇ ತಿಂಗಳಿಗೆ ಅವರು ಹೋದರು. ರಾತ್ರಿ ಜೀವ ಹೋಯಿತು, ನಮ್ಮ ಮಂದಿಯ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಬೆಳತನಕ ಭಜನೆ ಮಾಡಿದರು. ಬಿಸಿಲೇರುವ ಮೊದಲೇ ಮಣ್ಣು ಮಾಡೋಣವೆಂದು ಹತ್ತಕ್ಕೆ ಎತ್ತಿದರು. ಓಣಿಗೆ ಓಣಿಯೇ ಹಿಂದೆ ನಡೆಯಿತು. ತಾಳದ ಗದ್ದಲದಲ್ಲಿ ಕಟ್ಟೆಯ ಗಂಟೆ ಯಾರಿಗೂ ಕೇಳಲಿಲ್ಲ, ಕೇಳಿದವರಿಗೂ ಹೆಣ ಬಿಟ್ಟು ಮಾಳಿಗೆ ಹತ್ತಲು ಮನಸ್ಸಾಗಲಿಲ್ಲ. ಹತ್ತೂಕಾಲಿಗೆ ಗುಂಗಿ ಬಂತು. ಖಾಲಿ ಮಾಳಿಗೆಗಳ ಮೇಲೆ ನಾಲ್ಕು ಸುತ್ತು ಹಾಕಿತು. ಏನೂ ತಿಳಿಯದೆ, ಮಂದಿ ಎಲ್ಲಿದ್ದಾರೋ ಅಲ್ಲಿಗೆ, ನಮ್ಮ ತಲೆಯ ಮೇಲೆಯೇ ಗುಂಯ್ ಎನ್ನುತ್ತ ಮಸಣದವರೆಗೆ ಬಂತು. ನಮ್ಮವರ ಮಣ್ಣಿಗೆ ಬಂದವರಲ್ಲಿ ಅದೂ ಒಂದು. ಕುಣಿಗೆ ಮಣ್ಣು ಎಳೆಯುವ ಹೊತ್ತಿಗೆ ಆಚೆಯ ಹೊಲದಲ್ಲಿ ಬಿತ್ತು.

ಅದರ ಹೊಟ್ಟೆಯಲ್ಲಿ ಮಂಜುಗಡ್ಡೆ ಇತ್ತು, ರಕ್ತದ ಎರಡು ಚೀಲ ಇದ್ದವು. ಠಾಣೆಯಲ್ಲಿ ಒಬ್ಬ ಸಿಪಾಯಿಗೆ ಅದು ಬೇಕಾಗಿತ್ತಂತೆ. ಅವನು ಆ ಸಂಜೆ ಸತ್ತ. ಮೇದಪ್ಪ ಇದನ್ನು ನನಗೆ ಹೇಳಲಿಲ್ಲ, ಕಲ್ಲೇಶಿ ಹೇಳಿದ. ಸತ್ತವನ ಹೆಸರು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಮೂರನೇ ದಿನ ಮೇದಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಹೊಸ್ತಿಲ ಹೊರಗೆ ನಿಂತ. ಒಳಗೆ ಬಾ ಅಂದರೂ ಬರಲಿಲ್ಲ.

“ಕೇಳೋಕೆ ನಾಚಿಕೆ ಆಗುತ್ತಮ್ಮ. ಮಂಚ ಖಾಲಿ ಇದೆ.”

ನಾನು ಕೌದಿ ಹೊಲಿಯುವವಳು. ನಾಲ್ಕೂರಿನವರು ಬಸುರಿಗೆ, ಬಾಣಂತನಕ್ಕೆ ನನ್ನ ಕೌದಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರ ಅಳತೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ದಿನ ಕೂತು, ಕೌದಿಯ ಹಾಗೆ ಪದರದ ಮೇಲೆ ಪದರ ಇಟ್ಟು ಹೊಲಿದೆ. ಒಳಗೆ ಅವರ ಅಂಗಿಗಳು, ನನ್ನ ಹಳೆಯ ಸೀರೆಗಳು, ತಲೆಗೆ ಹತ್ತಿ. ಹೊರಗೆ ಅವರದೇ ಧೋತರ, ಅವರದೇ ಬನಿಯನ್ನು. ಮುಖ ಮಾಡುವ ಕಷ್ಟ ಇರಲಿಲ್ಲ, ಟವೆಲ್ಲು ಹೊದಿಸಿದೆ. ಕಲ್ಲೇಶಿ ಮೇಲೆ ಹೊತ್ತುಕೊಂಡು ಹೋಗಿ ಮಲಗಿಸಿದ. ಮಳೆ ಬಂದರೆ ಹೊದಿಸಲು ತಾಡಪಾಲಿನ ಒಂದು ತುಂಡನ್ನೂ ಅವನೇ ಕೊಟ್ಟ. ಅದು ಸದಾ ಮಂಚದ ಕೆಳಗೆ ಇರುತ್ತಿತ್ತು.

ಎರಡು ವರ್ಷ ನಾಲ್ಕು ತಿಂಗಳು ನಾನು ಆ ಬಟ್ಟೆಯ ಗಂಡನ ಮುಂದೆ ಕೈಯೆತ್ತಿ ನಿಂತೆ. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗ ಬಿದಿರಿನ ಗಳಕ್ಕೆ ಮೊಣಕೈ ಊರಿಕೊಂಡು ನಿಂತೆ. ಹೆಂಗಸರು ನನ್ನನ್ನು ನೋಡಿ, ಕಾಶವ್ವಗ ಗಂಡ ಸತ್ತರೂ ಬೈಯುವುದು ಬಿಡಲಿಲ್ಲ ಎಂದು ನಗೆಚಾಟಿಕೆ ಮಾಡುವರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ, ಬೇಸರ ಕಳೆಯಲು ಆಡಿದ್ದು. ಆದರೂ ನನಗೆ ಅದು ಚುಚ್ಚುತ್ತಿತ್ತು. ಅವರ ಕಾಲು ತೊಳೆದದ್ದು, ಎತ್ತಿ ನೀರು ಹಾಕಿದ್ದು, ಗಂಜಿ ಕುಡಿಸಿದ್ದು ಯಾವ ಪಟದಲ್ಲಿದೆ? ಊರಿಗೆ, ಗುಂಗಿಗೆ, ಗುಡ್ಡದ ಮೇಲಿನವರಿಗೆ ಗೊತ್ತಿರುವುದು ನೋವಿನಲ್ಲಿ ಮಲಗಿದ ಗಂಡನ ಮುಂದೆ ಕೈ ಬೀಸುತ್ತಿರುವ ಕಾಶವ್ವ ಒಬ್ಬಳೇ. ಅದೊಂದನ್ನು ಅಳಿಸಬೇಕು, ಆ ಕೈ ಒಮ್ಮೆ ಕೆಳಗಿಳಿಸಬೇಕು, ಇದಕ್ಕಿಂತ ದೊಡ್ಡ ಆಸೆ ನನಗೆ ಬೇರೆ ಇರಲಿಲ್ಲ.

ಈ ಬೇಸಿಗೆಯಲ್ಲಿ ಕೆರೆಯ ಮೇಲಿನ ಹುಣಸೆಮರ ಬುಡ ಸಮೇತ ಬಿತ್ತು. ಮೊದಲೇ ಮಾಳಿಗೆಗಳ ಬಣ್ಣ ಬಿಳಿಚಿಕೊಂಡಿತ್ತು, ಗೋಡೆಗಳು ಜರಿದಿದ್ದವು. ಒಂದೇ ತಿಂಗಳಲ್ಲಿ ಮೂರು ಗುಂಗಿ ದಾರಿ ತಪ್ಪಿದವು. ಮೇದಪ್ಪ ಎಲ್ಲರನ್ನೂ ಕಟ್ಟೆಗೆ ಕರೆದ.

“ಹೊಸ ಫೋಟೊ ತೆಗೀತಾರೆ. ಮುಂದಿನ ಗುರುವಾರ, ಇದೇ ಹತ್ತೂಕಾಲಿಗೆ. ಅವತ್ತು ಒಂದೇ ಒಂದು ಗಂಟೆ ಆಚೆ ಕಡೆಯ ಗದ್ದಲ ನಿಂತಿರುತ್ತೆ. ಹೇಗೆ ನಿಲ್ಲುತ್ತೆ ಅಂತ ಕೇಳಬೇಡಿ, ಅದಕ್ಕೆ ನಮ್ಮವರು ಬಹಳ ಕಷ್ಟಪಟ್ಟಿದ್ದಾರೆ. ವಿಮಾನ ಒಂದೇ ಸಲ ಬರುತ್ತೆ, ಒಂದೇ ಸಲ ತೆಗೆಯುತ್ತೆ. ಅಲ್ಲಿವರೆಗೆ ಗುಂಗಿ ಹಾರೋದಿಲ್ಲ. ಈ ಎಂಟು ದಿನ ನಿಮ್ಮದು. ದಯವಿಟ್ಟು ಈ ಸಲ ಯೋಚನೆ ಮಾಡಿ, ದಿನಾ ಮಾಡೋಕೆ ಆಗುವಂಥದ್ದೇ ಏನಾದರೂ ಮಾಡಿ.”

ಮೇದಪ್ಪನ ಬಾಯಲ್ಲೂ ಡ್ರೋನು ಹೋಗಿ ಗುಂಗಿ ಬಂದಿತ್ತು. ಆ ಎಂಟು ದಿನ ಊರಿಗೆ ಏನು ಸಡಗರ ಅಂತೀರಿ! ಸುಣ್ಣದ ಬಕೀಟು ಹಿಡಿದು ಹೆಂಗಸರು ಮಾಳಿಗೆ ಹತ್ತಿದರು. ಕಲ್ಲೇಶಿ ಲಾರಿ ಚಾಲೂ ಮಾಡಲು ಒಂದಿಡೀ ದಿನ ಒದ್ದಾಡಿದ. ಕೊನೆಗೆ ಅದು ಹೊಗೆಯುಗುಳಿ ಮುಂದಕ್ಕೆ ಸರಿದಾಗ ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ಊರ ಹೊರಗಿನ ಬೇವಿನ ಮರದ ಕೆಳಗೆ ಒಯ್ದು ನಿಲ್ಲಿಸಿ, “ಗುರುವಾರ ಮಧ್ಯಾಹ್ನ ಊಟ ಮಾಡಿಕೊಂಡು ನಮ್ಮೂರಿಗೆ ಹೊರಟ್ನಿ, ಚಿಗವ್ವ” ಅಂದ. ಪಟಕ್ಕೆಂದು ದಿನಾ ಹರವುತ್ತಿದ್ದ ಮೂರು ವರ್ಷದ ಹಳೆಯ ಸಂಡಿಗೆಗಳನ್ನು ಎಲ್ಲರೂ ತಿಪ್ಪೆಗೆ ಸುರಿದರು. ಕಲ್ಲಿನಂತಾಗಿದ್ದವು, ಕಾಗೆಯೂ ಮುಟ್ಟುತ್ತಿರಲಿಲ್ಲ. ಮನೆಮನೆಯಲ್ಲೂ ಹಿಟ್ಟು ಕುದಿಸಿ, ತಿನ್ನಲು ಬರುವಂಥ ಹೊಸ ಸಂಡಿಗೆ, ಹಪ್ಪಳ ಹಾಕಿದರು.

ನಾನು ಕೂಲಿಯವರನ್ನು ಕರೆದು ಮಾಳಿಗೆಗೆ ಮಣ್ಣು ಹಾಕಿಸಿದೆ. ನಾಲ್ಕು ಬುಟ್ಟಿ ಎಂದು ಬಡಿದುಕೊಂಡಿದ್ದೆನಲ್ಲ, ಹದಿನಾಲ್ಕು ಬುಟ್ಟಿ ಹಿಡಿಯಿತು. ಇಬ್ಬರು ಆಳು ಮಂಚವನ್ನು ಅವರ ಸಮೇತ ಎತ್ತಿ ಮೂಲೆಗೆ ಸರಿಸಿದರು. ಮೇದಪ್ಪ ನೋಡಲು ಬಂದ.

“ಅಮ್ಮ, ಈ ಸಲ ಮಂಚ ಇರಲೇಬೇಕು ಅಂತೇನಿಲ್ಲ. ತೆಗೆದುಬಿಡಬಹುದು.”

ಅವನು ಒಳ್ಳೆಯದಕ್ಕೇ ಹೇಳಿದ್ದು. ಮಂಚ ತೆಗೆದರೆ ನಾನು ಪಾರು. ಕೈ ಇಳಿಯುತ್ತದೆ, ಯಾರ ಮುಂದೆಯೂ ನಿಲ್ಲಬೇಕಿಲ್ಲ, ಬೇಕಾದರೆ ಮನೆಯೊಳಗೇ ಇರಬಹುದು. ಆದರೆ ಹೊಸ ಪಟದಲ್ಲಿ ಅವರು ಇರುವುದಿಲ್ಲ. ಬಿಳಿಚಿದ ಹಳೆಯ ಪಟದ ಸಂಗಡ ಅವರೂ ಹೋದ ಹಾಗೆ.

ಗೋಡೆಯಾಚೆಯಿಂದ ಮಾಬುಬಿ ಕೇಳಿಸಿಕೊಂಡಿದ್ದಳು. ಸಂಜೆ ಬಂದು ನನ್ನ ಪಕ್ಕ ಕೂತು, ಸೊಂಟ ತಿಕ್ಕಿಕೊಳ್ಳುತ್ತ ಅಂದಳು, “ನಾ ಅಂತೂ ಮಾಳಗಿ ಗ್ವಾಡಿಗೆ ಆತ್ಕೊಂಡು ಕುಂದರಾಕಿ ಅಕ್ಕಾ. ಮೂರು ವರ್ಷ ಬಗ್ಗಿ ಬಗ್ಗಿ ನೆಲದಾಗಿನ ಇರಿವಿ ಎಲ್ಲಾ ಗುರುತಾಗ್ಯಾವು. ನಿಂದೇನು?”

“ತಿಳೀವಲ್ದು ಮಾಬು. ತಗದು ಬಿಡ್ಲೇನು ಅವರನ್ನ?”

“ಯಾಕ? ನಿನಗ ಭಾರ ಆಗ್ಯಾರೇನು?”

“ಅವರಲ್ಲ. ಕೈ ಭಾರ ಆಗೇತಿ.”

“ಹಂಗಾರ ಕೈ ಇಳಸು. ಅವರ ಮಲಗಲಿ, ನೀ ಮಗ್ಗಲದಾಗ ಕುಂದ್ರು. ಗಂಡನ ಮಗ್ಗಲ ಕುಂದ್ರಾಕ ಮಿಲಿಟರಿಯವರ ಪರ್ಮಿಷನ್ ಬೇಕೇನು?”

ಇಷ್ಟು ಸರಳ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ ನೋಡಿ. ಮಂಚದ ಪಕ್ಕ ಮಣೆ ಹಾಕಿಕೊಂಡು ಕೂರುವುದು, ಬಲಗೈ ಅವರ ಎದೆಯ ಮೇಲೆ ಇಡುವುದು. ಅಷ್ಟೇ. ಮುಂದೆ ಎಷ್ಟು ವರ್ಷವಾದರೂ ಆಗಲಿ. ಉಳಿದ ದಿನಗಳಲ್ಲಿ ಹಾಗೆ ಕೂತು ಕೂತು ಅಭ್ಯಾಸ ಮಾಡಿದೆ. ಮೊದಲ ದಿನ ಕೂತಾಗ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಮೇಲಿನಿಂದ ಅದು ಕಾಣುವಂಥದ್ದೂ ಅಲ್ಲ.

ಗುರುವಾರ ಬಂತು. ಆಕಾಶ ತೊಳೆದಿಟ್ಟಂತೆ ಇತ್ತು. ಮಾಳಿಗೆಯ ಮೇಲೆ ಬೇಡವಾದದ್ದು ಏನೂ ಇರಬಾರದು ಎಂದು ಮೇದಪ್ಪ ಬೆಳಿಗ್ಗೆಯೇ ಮನೆಮನೆಗೆ ಹೇಳಿಹೋಗಿದ್ದ. ಬಿದಿರಿನ ಗಳವನ್ನು ಕೆಳಗಿಳಿಸಿದೆ, ಮಂಚದ ಕೆಳಗಿನ ತಾಡಪಾಲನ್ನೂ ಮಡಚಿ ಕೆಳಗೆ ಒಯ್ದಿಟ್ಟೆ. ಅವರಿಗೆ ಒಗೆದ ಧೋತರ ಉಡಿಸಿದೆ. ಹೊಸ ಸಂಡಿಗೆಯನ್ನು ಹಚ್ಚಡದ ಮೇಲೆ ಹರವಿದೆ. ಈ ಸಲದ್ದು ಚೆನ್ನಾಗಿ ಬಂದಿತ್ತು, ಜೀರಿಗೆ ಹದವಾಗಿ ಬಿದ್ದಿತ್ತು. ಗಂಟೆ ಹೊಡೆಯಿತು. ಮಣೆಯ ಮೇಲೆ ಕೂತು ಅವರ ಎದೆಯ ಮೇಲೆ ಕೈ ಇಟ್ಟೆ. ಸುತ್ತ ನೋಡಿದರೆ ಇಡೀ ಊರು ಕೂತಿತ್ತು. ಮಾಬುಬಿ ಮಾಳಿಗೆಯ ಮೋಟುಗೋಡೆಗೆ ಆತುಕೊಂಡು ಕಾಲು ಚಾಚಿದ್ದಳು. ಗಡಾದರ ಮುದುಕ ಕುರ್ಚಿಯಲ್ಲಿ. ನಿಂತವರು ಒಬ್ಬರೂ ಇಲ್ಲ. ಮೂರು ವರ್ಷ ನಿಂತು ನಿಂತು ಸಾಕಾದ ಊರು ಒಟ್ಟಿಗೆ ಉಸ್ಸೆಂದು ಕೂತದ್ದನ್ನು ನಾನು ಅವತ್ತೇ ಕಂಡದ್ದು.

ಎಲ್ಲೋ ಮೇಲೆ ವಿಮಾನದ ಸದ್ದು ಸಣ್ಣಗೆ ಶುರುವಾಯಿತು. ಆಗ ಕೆರೆಯ ಕಡೆಯಿಂದ ಒಂದೇ ಒಂದು ಮೋಡ, ಕೈವಸ್ತ್ರದಷ್ಟು ಅಗಲದ್ದು, ನಮ್ಮ ಓಣಿಯ ಮೇಲೆ ಬಂತು. ಟಪ್ ಎಂದು ಒಂದು ಹನಿ ನನ್ನ ಮುಂಗೈ ಮೇಲೆ ಬಿತ್ತು. ಇನ್ನೊಂದು ಬಿತ್ತು.

ಯಾವ ಮಾಳಿಗೆಯಿಂದಲೋ ಒಬ್ಬ ಹೆಂಗಸಿನ ಗಂಟಲು: “ಮಳಿ ಬಂತ್ರೇ!”

ಮುಗಿಯಿತು. ಮೂರು ವರ್ಷದ ಮೇಲೆ ಮಾಡಿದ ಹೊಸ ಸಂಡಿಗೆ ತೊಯ್ಯುತ್ತಿರುವಾಗ ಯಾವ ಮಿಲಿಟರಿ, ಯಾವ ಗುಂಗಿ! ಹುಟ್ಟಿದಾಗಿನಿಂದ ರೂಢಿಯಾದ ಕಾಲುಗಳು ತಾವೇ ಎದ್ದು ಓಡಿದವು. ಕೆಳಗಿನಿಂದ ಮೇದಪ್ಪ, “ಅಲುಗಾಡಬೇಡಿ! ಯಾರೂ ಅಲುಗಾಡಬೇಡಿ!” ಎಂದು ಸೀಟಿ ಊದುತ್ತಲೇ ಇದ್ದ. ಕೇಳುವವರು ಯಾರು? ಒಬ್ಬಳು ಹಪ್ಪಳದ ಚಾಪೆ ಎಳೆಯುತ್ತಿದ್ದಾಳೆ, ಒಬ್ಬಳು ಉಡಿಯಲ್ಲಿ ಮೆಣಸಿನಕಾಯಿ ಬಾಚುತ್ತಿದ್ದಾಳೆ. ಚಹಾದ ಒಲೆ ಬಯಲಲ್ಲೇ ಬಿಟ್ಟಿದ್ದೆನಲ್ಲ ಎಂದು ಕಲ್ಲೇಶಿ ಲಾರಿಯನ್ನೇ ತಿರುಗಿಸಿಕೊಂಡು ಕೂಡುರಸ್ತೆಗೆ ಬಂದ.

ನಾನೂ ಎದ್ದಿದ್ದೆ. ಅಭ್ಯಾಸ ಮಾಡಿದ್ದೆಲ್ಲ ಮರೆತಿತ್ತು. ತಾಡಪಾಲಿಗೆ ಮಂಚದ ಕೆಳಗೆ ಕೈ ಹಾಕಿದೆ, ಅಲ್ಲಿರಲಿಲ್ಲ. “ಏಳ್ರೀ, ತೊಯ್ತೀರಿ, ಏಳ್ರೀ” ಎಂದು ನನ್ನ ಬಾಯಿ ಅನ್ನುತ್ತಿತ್ತು. ಆಸ್ಪತ್ರೆಯ ಸುದ್ದಿ ಕೇಳಿದ ಮೇಲೆ ಆ ಮಾಳಿಗೆಯ ಮೇಲೆ ಅವರ ಜೊತೆ ನಾನಾಗಿ ಮಾತಾಡಿದ್ದು ಅದೇ ಮೊದಲು. ಒಂದು ಕೈ ಕುತ್ತಿಗೆಯ ಕೆಳಗೆ, ಒಂದು ಕೈ ಮೊಣಕಾಲ ಕೆಳಗೆ ಕೊಟ್ಟು ಎತ್ತಿಕೊಂಡೆ. ಥಂಡಿ ಕುಡಿದು ಕುಡಿದು ಅವರು ತೂಕವಾಗಿದ್ದರು. ಕೊನೆಯ ದಿನಗಳಲ್ಲಿ ಸ್ನಾನಕ್ಕೆ ಎತ್ತುವಾಗ ಇದಕ್ಕಿಂತ ಹಗುರ ಇದ್ದರು. ಎದೆಗೆ ಅವಚಿಕೊಂಡು ಮೆಟ್ಟಿಲ ಕಡೆ ಮೂರು ಹೆಜ್ಜೆ ಇಟ್ಟಿದ್ದೆ, ನೆತ್ತಿಯ ಮೇಲೆ ವಿಮಾನ ಹಾದುಹೋಯಿತು.

ಮಳೆ ಅಷ್ಟೇ. ಮೋಡ ಆಚೆ ಸರಿದು ಬಿಸಿಲು ಚುರುಗುಟ್ಟಿತು. ಎಲ್ಲರೂ ಕೈಯಲ್ಲಿದ್ದದ್ದು ಕೈಯಲ್ಲೇ ಹಿಡಿದು, ಬಾಯಿ ತೆರೆದು ನಿಂತಲ್ಲೇ ನಿಂತಿದ್ದರು. ಮೊದಲು ತಿಳಿದದ್ದು ಮಾಬುಬಿಗೆ. ಶ್ಯಾವಿಗೆಯ ಹಚ್ಚಡದ ತುದಿ ಹಿಡಿದು ಮತ್ತೆ ನಡು ಬಗ್ಗಿಸಿ ನಿಂತಿದ್ದಳು.

“ಯಾ ಅಲ್ಲಾ,” ಅಂದಳು. “ಮತ್ತ ಬಗ್ಗಿದ್ನೆಲ್ಲೋ!”

ಮೂರು ದಿನ ಬಿಟ್ಟು ಮೇದಪ್ಪ ಹೊಸ ಪಟದ ದೊಡ್ಡ ಹಾಳೆ ತಂದು ಕಲ್ಲೇಶಿಯ ಲಾರಿಯ ಮುಂದಿನ ಬೆಂಚಿನ ಮೇಲೆ ಹಾಸಿದ. ಲಾರಿ ಮತ್ತೆ ಅದೇ ಕೂಡುರಸ್ತೆಯಲ್ಲಿ, ಈ ಸಲ ಅಡ್ಡಡ್ಡ ನಿಂತಿತ್ತು. ಇನ್ನೊಮ್ಮೆ ತೆಗೀರಿ ಎಂದು ಊರಿಗೆ ಊರೇ ಅವನ ಮೇಲೆ ಬಿದ್ದಿತು. ಅವನು ತಲೆ ಅಲ್ಲಾಡಿಸಿದ. ಗದ್ದಲ ಮತ್ತೆ ಶುರುವಾಗಿತ್ತು. ಆ ಒಂದು ಗಂಟೆಗಾಗಿ ಏನೇನು ಹೋಯಿತು ಎಂಬುದನ್ನು ಅವನು ಹೇಳಲಿಲ್ಲ, ಅವನ ಮುಖ ನೋಡಿ ನಾವೂ ಕೇಳಲಿಲ್ಲ. ನಾಳೆಯಿಂದ ಇದೇ ಪಟ ಗುಂಗಿಯ ಹೊಟ್ಟೆಯಲ್ಲಿ.

ಎಲ್ಲರೂ ಬೈದುಕೊಳ್ಳುತ್ತ ಮನೆಗೆ ಹೋದ ಮೇಲೆ ಅವನು ನನ್ನನ್ನು ಕರೆದು ಬೆರಳಿಟ್ಟು ತೋರಿಸಿದ. “ಇಲ್ಲಿ ನೋಡಿ ಅಮ್ಮ. ಊರಲ್ಲಿ ಒಂದು ಮಾಳಿಗೆ ಬಿಡದೆ ಎಲ್ಲರೂ ಒಣಗಿಸಿದ್ದನ್ನು ಬಾಚಿಕೊಂಡು ಓಡ್ತಿದ್ದಾರೆ. ನಿಮ್ಮದೊಂದರಲ್ಲಿ ಮಾತ್ರ ಹಾಗೇ ಬಿದ್ದಿದೆ.”

ಕನ್ನಡಕ ಹಾಕಿಕೊಂಡು ನೋಡಿದೆ. ಸಂಡಿಗೆ ಹಚ್ಚಡದ ಮೇಲೆ ಹರವಿದಲ್ಲೇ ಇತ್ತು. ಮಂಚ ಖಾಲಿ ಇತ್ತು. ಮೆಟ್ಟಿಲ ಹತ್ತಿರ ಒಂದು ಸಣ್ಣ ತಲೆ, ಅದರ ತೋಳಿನಿಂದ ಎರಡೂ ಕಡೆ ಚಾಚಿದ ಉದ್ದನೆಯ ಬಿಳಿ ಮೈ.

“ದಿನಾ ಎತ್ತಿಕೊಂಡು ನಿಲ್ಲೋದು ನಿಮ್ಮಿಂದ ಆಗೋದಿಲ್ಲ,” ಅಂದ ಮೇದಪ್ಪ. “ನಮ್ಮ ಸಿಪಾಯಿಗಳಲ್ಲಿ ಗಟ್ಟಿ ಆಳು ಒಬ್ಬನನ್ನು ಕಳಿಸ್ತೀನಿ. ನಿಮ್ಮ ಸೀರೆ ಸುತ್ತಿಕೊಂಡು ನಿಲ್ತಾನೆ, ಮೇಲಿನಿಂದ ಗೊತ್ತಾಗೋದಿಲ್ಲ.”

“ಬ್ಯಾಡಪ್ಪಾ,” ಅಂದೆ. “ನಾನ ಎತ್ತತೀನಿ.”

ಈಗ ಕಟ್ಟೆಯ ಗಂಟೆ ಹೊಡೆದರೆ ಸುಡುವ ಬಿಸಿಲಲ್ಲಿ ನಮ್ಮ ಇಡೀ ಊರು ಇಲ್ಲದ ಮಳೆಗೆ ಹೆದರಿ ಓಡುತ್ತದೆ, ಓಡುವ ನಡುವೆ ಗಕ್ಕನೆ ನಿಲ್ಲುತ್ತದೆ. ಮಾಬುಬಿ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡೇ ಮಾಳಿಗೆ ಹತ್ತುತ್ತಾಳೆ, ಯಾರನ್ನು ಬೈಯಬೇಕೋ ತಿಳಿಯದೆ ಮೋಡವನ್ನು ಬೈಯುತ್ತಾಳೆ. ನನಗೂ ಮೊಣಕಾಲು ನಡುಗುತ್ತವೆ, ರಾತ್ರಿ ತೋಳು ಹರಿದುಬರುವಂತೆ ನೋಯುತ್ತವೆ. ಕಾಲು ತಾಸು ಸಣ್ಣದಲ್ಲ, ಐವತ್ತಾರು ವರ್ಷದ ತೋಳಿಗೆ ಅದು ದೊಡ್ಡದೇ. ಗಂಟೆ ಹೊಡೆಯುತ್ತಿದ್ದಂತೆ ಮಂಚಕ್ಕೆ ಬಗ್ಗಿ, “ಏಳ್ರೀ, ಮಳಿ ಬಂತು” ಅನ್ನುತ್ತೇನೆ. ಕುತ್ತಿಗೆಯ ಕೆಳಗೊಂದು ಕೈ, ಮೊಣಕಾಲ ಕೆಳಗೊಂದು ಕೈ. ಮೆಟ್ಟಿಲ ಕಡೆ ಮೂರು ಹೆಜ್ಜೆ ಇಟ್ಟು ನಿಲ್ಲುತ್ತೇನೆ. ಟವೆಲ್ಲು ಜಾರಿದರೆ ಗದ್ದದಿಂದ ಒತ್ತಿ ಹಿಡಿಯುತ್ತೇನೆ.

“ನೋಡ್ರಿ,” ಅನ್ನುತ್ತೇನೆ ಅವರ ಕಿವಿ ಇರಬೇಕಾದ ಜಾಗಕ್ಕೆ. “ಸಂಡಿಗಿ ಅಲ್ಲೇ ಬಿಟ್ಟೀನಿ.”

ಗುಂಗಿ ಗುಂಯ್ ಎನ್ನುತ್ತ ಬರುತ್ತದೆ, ನಮ್ಮಿಬ್ಬರನ್ನು ಒಮ್ಮೆ ನೋಡಿಕೊಂಡು ಗುಡ್ಡದ ಕಡೆ ತಿರುಗುತ್ತದೆ. ಅದರ ಸದ್ದು ಪೂರ್ತಿ ಅಡಗುವವರೆಗೆ ನಾನು ಅವರನ್ನು ಇಳಿಸುವುದಿಲ್ಲ.